ಡಿಡಿಯರ್ ಡ್ರೋಗ್ಬಾ: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರೋಗ್ಬಾ ಬೂಟು ಬಿಚ್ಚಿಟ್ಟು ವರ್ಷಗಳೇ ಕಳೆದವು. ಆದರೂ ಹೊಸದಾಗಿ ಫುಟ್‌ಬಾಲ್ ನೋಡಲು ಶುರು ಮಾಡಿದವರು ಅವರ ಬಗ್ಗೆ ಕೇಳುವುದು ನಿಂತಿಲ್ಲ. ಅವರಿಗಿಂತ ಹೆಚ್ಚು ಗೋಲು ಹೊಡೆದವರು ಬೇಕಾದಷ್ಟು ಜನ ಇದ್ದಾರೆ. ಹಾಗಿದ್ದೂ ಈ ಹೆಸರು ಬಂದ ಕೂಡಲೇ ಹಳಬರ ದನಿ ಯಾಕೆ ಬದಲಾಗುತ್ತದೆ ಎಂಬುದೇ ಹೆಚ್ಚಿನವರ ಕುತೂಹಲ. ಚೆಲ್ಸಿಗೆ ಬಂದ ದಿನದಿಂದ ಅವರ ಆಟವನ್ನು ನಿದ್ದೆಗೆಟ್ಟು ನೋಡಿದವನು ನಾನು. ನನ್ನನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಡ್ರೋಗ್ಬಾ ಯಾರು? ಚುಟುಕಾಗಿ ಹೇಳಿ.

ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶದ ಸ್ಟ್ರೈಕರ್. ಹುಟ್ಟಿದ್ದು 1978ರ ಮಾರ್ಚ್ 11ರಂದು, ಅಬಿಜಾನ್ ನಗರದಲ್ಲಿ. ದೇಶಕ್ಕಾಗಿ 105 ಪಂದ್ಯ ಆಡಿ 65 ಗೋಲು ಹೊಡೆದರು. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೆ ಎರಡು ಅವಧಿಯಲ್ಲಿ 381 ಪಂದ್ಯ, 164 ಗೋಲು. 2006 ಮತ್ತು 2009ರಲ್ಲಿ ಆಫ್ರಿಕಾದ ವರ್ಷದ ಆಟಗಾರ. 2018ರಲ್ಲಿ, 40ನೇ ವಯಸ್ಸಿನಲ್ಲಿ ನಿವೃತ್ತಿ.

ಹೆಸರನ್ನು ಹೇಗೆ ಹೇಳಬೇಕು?

ನಮ್ಮ ಪತ್ರಿಕೆಗಳಲ್ಲಿ ‘ಡಿಡಿಯರ್’ ಎಂದೇ ಬರುತ್ತದೆ, ನಾನೂ ಹಾಗೇ ಬರೆಯುತ್ತೇನೆ. ಫ್ರೆಂಚರ ಬಾಯಲ್ಲಿ ಅದು ‘ದಿದಿಯೇ’. ಮನೆಯಲ್ಲಿ ತಾಯಿ ಕರೆಯುತ್ತಿದ್ದದ್ದು ‘ಟಿಟೊ’ ಎಂದು, ಯುಗೋಸ್ಲಾವಿಯಾದ ಅಧ್ಯಕ್ಷ ಟಿಟೊ ಮೇಲಿನ ಅಭಿಮಾನಕ್ಕೆ.

ಐದನೇ ವಯಸ್ಸಿಗೇ ಮನೆ ಬಿಟ್ಟರಂತೆ, ಹೌದೇ?

ಹೌದು. ಅವರ ಚಿಕ್ಕಪ್ಪ ಮಿಶೆಲ್ ಗೋಬಾ ಫ್ರಾನ್ಸಿನಲ್ಲಿ ವೃತ್ತಿಪರ ಫುಟ್‌ಬಾಲ್ ಆಡುತ್ತಿದ್ದರು. ಮಗನಿಗೆ ಅಲ್ಲಿ ಒಳ್ಳೆಯ ಬದುಕು ಸಿಗಲಿ ಎಂದು ತಂದೆ ತಾಯಿ ಐದು ವರ್ಷದ ಹುಡುಗನನ್ನು ಒಬ್ಬನೇ ವಿಮಾನ ಹತ್ತಿಸಿದರು. ಚಿಕ್ಕಪ್ಪನ ಕ್ಲಬ್ ಬದಲಾದಾಗೆಲ್ಲ ಹುಡುಗನ ಊರೂ ಬದಲಾಗುತ್ತಿತ್ತು, ಶಾಲೆಯೂ ಬದಲಾಗುತ್ತಿತ್ತು. ಮೂರು ವರ್ಷಕ್ಕೆ ಮನೆಯ ಕೊರಗು ತಾಳಲಾರದೆ ಅಬಿಜಾನಿಗೆ ವಾಪಸಾದ. ಅಷ್ಟರಲ್ಲಿ ಐವರಿ ಕೋಸ್ಟಿನ ಆರ್ಥಿಕ ಸ್ಥಿತಿ ಹದಗೆಟ್ಟು ತಂದೆ ತಾಯಿ ಕೆಲಸ ಕಳೆದುಕೊಂಡರು, ಹುಡುಗ ಮತ್ತೆ ಫ್ರಾನ್ಸಿಗೆ. ಆಮೇಲೆ ಇಡೀ ಕುಟುಂಬವೇ ಅಲ್ಲಿಗೆ ಹೋಗಿ, ಪ್ಯಾರಿಸಿನ ಹೊರವಲಯದ ಇಕ್ಕಟ್ಟಾದ ಮನೆಯೊಂದರಲ್ಲಿ ಬದುಕು ಕಟ್ಟಿಕೊಂಡಿತು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಚಿಕ್ಕವನಿದ್ದಾಗ ಅವರು ಆಡುತ್ತಿದ್ದದ್ದು ರಕ್ಷಣಾ ಸಾಲಿನಲ್ಲಿ, ಬಲಬದಿಯ ಬ್ಯಾಕ್ ಆಗಿ. ಹಿಂದೆ ನಿಂತು ಏನು ಮಾಡುತ್ತೀಯ, ಮುಂದೆ ಹೋಗು, ಜನ ನೋಡುವುದು ಗೋಲು ಹೊಡೆಯುವವನನ್ನೇ ಎಂದು ಗದರಿಸಿ ಮುಂದಕ್ಕೆ ಕಳಿಸಿದ್ದು ಅದೇ ಚಿಕ್ಕಪ್ಪ.

ಇಷ್ಟು ದೊಡ್ಡ ಆಟಗಾರ 21 ತುಂಬುವವರೆಗೆ ವೃತ್ತಿಪರ ಒಪ್ಪಂದವನ್ನೇ ಪಡೆದಿರಲಿಲ್ಲ, ಯಾಕೆ?

ಈಗಿನ ಕಾಲದಲ್ಲಿ 17ಕ್ಕೆ ಮಿಂಚದಿದ್ದರೆ ಹುಡುಗನ ಕತೆ ಮುಗಿಯಿತು ಎನ್ನುತ್ತಾರೆ. ಅಂಥವರಿಗೆ ನಾನು ಡ್ರೋಗ್ಬಾ ಹೆಸರು ಹೇಳುತ್ತೇನೆ. ಮೊದಲು ಲೆವಾಲ್ವಾ ಎಂಬ ಸಣ್ಣ ಕ್ಲಬ್ಬಿನ ಯುವ ತಂಡ, ಆಮೇಲೆ ಎರಡನೇ ದರ್ಜೆಯ ಲೆ ಮಾನ್. ಅಲ್ಲಿ ಫುಟ್‌ಬಾಲ್ ಜೊತೆಗೆ ಅಕೌಂಟಿಂಗ್ ಓದಿದರು, ಅಂದರೆ ಆಟ ಕೈಕೊಟ್ಟರೆ ಲೆಕ್ಕಪತ್ರದ ಕೆಲಸ ಹಿಡಿಯುವ ಸಿದ್ಧತೆ. ಕಾಲಿನ ಮೂಳೆ ಒಂದಲ್ಲ ಎರಡಲ್ಲ, ಹಲವು ಸಲ ಮುರಿಯಿತು. ದಿನಾಲೂ ತರಬೇತಿ ಪಡೆದು ಪ್ರತಿ ವಾರ ಆಡುವ ಶಕ್ತಿ ಮೈಗೆ ಬರಲು ಅವರಿಗೆ ವರ್ಷಗಳೇ ಹಿಡಿದವು.

2002ರ ಜನವರಿಯಲ್ಲಿ ಫ್ರಾನ್ಸಿನ ಮೊದಲ ದರ್ಜೆಯ ಸಣ್ಣ ಕ್ಲಬ್ ಗ್ಯಾಂಗಾಂಗೆ ಸೇರಿದರು. 2002–03ರಲ್ಲಿ 34 ಲೀಗ್ ಪಂದ್ಯಗಳಲ್ಲಿ 17 ಗೋಲು. ಜೊತೆಗೆ ಆಡುತ್ತಿದ್ದವರು ಫ್ಲೋರಾಂ ಮಲುಡಾ, ಮುಂದೆ ಚೆಲ್ಸಿಯಲ್ಲೂ ಜೊತೆಯಾದ ಗೆಳೆಯ. ಮರುವರ್ಷ ಮಾರ್ಸೆ ಕ್ಲಬ್. ಅಲ್ಲಿದ್ದದ್ದು ಒಂದೇ ವರ್ಷ, ಹೊಡೆದದ್ದು 32 ಗೋಲು. ತಂಡವನ್ನು ಯುರೋಪಿನ ಕ್ಲಬ್ಬುಗಳ ಕೂಟವಾದ ಯುಇಎಫ್‌ಎ ಕಪ್‌ನ ಫೈನಲ್ ತನಕ ಕರೆದೊಯ್ದರು, ಅಲ್ಲಿ ವೆಲೆನ್ಸಿಯಾ ಎದುರು 2–0 ಸೋಲು. ಆ ಒಂದೇ ವರ್ಷಕ್ಕೆ ಮಾರ್ಸೆಯ ಜನ ಇವತ್ತಿಗೂ ಅವರನ್ನು ತಮ್ಮವನೆಂದೇ ಹೇಳಿಕೊಳ್ಳುತ್ತಾರೆ.

ಚೆಲ್ಸಿಗೆ ಹೇಗೆ ಬಂದರು?

2004ರ ಬೇಸಿಗೆಯಲ್ಲಿ ಹೊಸ ಕೋಚ್ ಜೋಸೆ ಮೊರಿನ್ಯೊ ಇವರೇ ಬೇಕೆಂದರು. ಕ್ಲಬ್ ತನ್ನ ದಾಖಲೆ ಮೊತ್ತ, 2.4 ಕೋಟಿ ಪೌಂಡ್ ಕೊಟ್ಟಿತು. ಮೊದಲೆರಡು ವರ್ಷವೂ ಚೆಲ್ಸಿ ಇಂಗ್ಲೆಂಡಿನ ಅಗ್ರ ದರ್ಜೆಯ ಪ್ರೀಮಿಯರ್ ಲೀಗ್ ಗೆದ್ದಿತು. ಆದರೂ ಇಷ್ಟು ದುಡ್ಡಿಗೆ ಇವನೇ ಬೇಕಿತ್ತಾ ಎಂಬ ಗೊಣಗಾಟ ನಿಂತಿರಲಿಲ್ಲ. 2006–07ರಲ್ಲಿ ಲೀಗಿನಲ್ಲಿ 20 ಗೋಲು ಹೊಡೆದು, ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಗೆದ್ದ ಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಅವರ ಆಟದಲ್ಲಿ ಅಂಥ ವಿಶೇಷವೇನಿತ್ತು?

ಡ್ರೋಗ್ಬಾ ಎಂದರೆ ಬರೀ ಮೈಬಲ ಎಂದು ತಿಳಿದವರಿದ್ದಾರೆ. ಅದು ಅರ್ಧ ಸತ್ಯ. ಗೋಲಿಗೆ ಬೆನ್ನು ಹಾಕಿ ನಿಂತು, ಹಿಂದಿನಿಂದ ಡಿಫೆಂಡರ್ ತಳ್ಳುತ್ತಿದ್ದರೂ ಕದಲದೆ, ಮೇಲಿಂದ ಬಂದ ಚೆಂಡನ್ನು ಎದೆಯ ಮೇಲೆ ಮಗುವಿನ ಹಾಗೆ ಇಳಿಸಿಕೊಳ್ಳುವುದು ಬಲದಿಂದಷ್ಟೇ ಆಗುವ ಕೆಲಸವಲ್ಲ. 2006ರ ಸೆಪ್ಟೆಂಬರಿನಲ್ಲಿ ಲಿವರ್‌ಪೂಲ್ ವಿರುದ್ಧ ಹೊಡೆದ ಗೋಲನ್ನು ಹುಡುಕಿ ನೋಡಿ. ಚೆಂಡು ಎದೆಗೆ ಬಂತು, ಬೆನ್ನು ಗೋಲಿನ ಕಡೆಗಿದೆ. ಚೆಂಡು ನೆಲ ಮುಟ್ಟುವ ಮೊದಲೇ ಮೈ ತಿರುಗಿತು, ಎಡಗಾಲು ಬೀಸಿತು, ಚೆಂಡು ಬಲೆಯಲ್ಲಿತ್ತು. ಹಿಂದಿದ್ದ ಡಿಫೆಂಡರಿಗೆ ಏನಾಯಿತೆಂದು ತಿಳಿಯಲು ಸಮಯವೇ ಸಿಗಲಿಲ್ಲ. ಅದೇ ಡಿಸೆಂಬರಿನಲ್ಲಿ ಎವರ್ಟನ್ ಮೇಲೆ, ಪಂದ್ಯ 2–2 ಇದ್ದಾಗ ಬಲು ದೂರದಿಂದ ಹೊಡೆದ ಗೆಲುವಿನ ಗೋಲೂ ಆ ಸಾಲಿನದೇ.

ಇವರಿದ್ದರೆ ತಂಡಕ್ಕೆ ಒಂದು ದೊಡ್ಡ ಅನುಕೂಲವಿತ್ತು. ಹಿಂದಿನವರು ಒತ್ತಡಕ್ಕೆ ಸಿಕ್ಕಿ ಚೆಂಡನ್ನು ಸುಮ್ಮನೆ ಮುಂದಕ್ಕೆ ಒದ್ದರೂ ಅದು ವ್ಯರ್ಥವಾಗುತ್ತಿರಲಿಲ್ಲ. ಇವರು ಹಿಡಿದಿಟ್ಟುಕೊಳ್ಳುತ್ತಿದ್ದರು, ಚೆಲ್ಸಿಯ ಮಿಡ್‌ಫೀಲ್ಡರ್ ಫ್ರಾಂಕ್ ಲ್ಯಾಂಪಾರ್ಡ್ ಓಡಿಬರುವಷ್ಟು ಹೊತ್ತು ಕಾಯುತ್ತಿದ್ದರು, ಆಮೇಲೆ ಕೊಡುತ್ತಿದ್ದರು. ಲ್ಯಾಂಪಾರ್ಡ್ ಹೊಡೆದ ಎಷ್ಟೋ ಗೋಲುಗಳ ಹಿಂದೆ ಈ ಕಾಯುವಿಕೆ ಇದೆ. ಇದು ಅಂಕಿಅಂಶದಲ್ಲಿ ಕಾಣುವುದಿಲ್ಲ.

ಅವರ ಅತ್ಯುತ್ತಮ ವರ್ಷ ಯಾವುದು?

ನನ್ನ ಪ್ರಕಾರ 2009–10. ಲೀಗಿನಲ್ಲಿ 29 ಗೋಲು, ಎರಡನೇ ಗೋಲ್ಡನ್ ಬೂಟ್. ಚೆಲ್ಸಿ ತಂಡದ್ದು ಒಟ್ಟು 103 ಗೋಲು. ಲೀಗ್ ಮತ್ತು ಇಂಗ್ಲೆಂಡಿನ ನಾಕೌಟ್ ಕೂಟವಾದ ಎಫ್‌ಎ ಕಪ್ ಎರಡನ್ನೂ ಗೆದ್ದ ವರ್ಷ ಅದು. ಕೊನೆಯ ದಿನ ವಿಗನ್ ಎದುರು 8–0 ಗೆಲುವು, ಡ್ರೋಗ್ಬಾ ಹ್ಯಾಟ್ರಿಕ್, ಅಂದರೆ ಮೂರು ಗೋಲು. ಅದೇ ಪಂದ್ಯದಲ್ಲಿ ಮೊದಲ ಪೆನಾಲ್ಟಿ ತನಗೆ ಕೊಡಲಿಲ್ಲವೆಂದು ಲ್ಯಾಂಪಾರ್ಡ್ ಜೊತೆ ಮುನಿಸಿಕೊಂಡಿದ್ದೂ ಉಂಟು. ಎರಡನೆಯದು ಸಿಕ್ಕಿತು, ಮುನಿಸೂ ಇಳಿಯಿತು.

‘ಫೈನಲ್ ಪಂದ್ಯಗಳ ಆಟಗಾರ’ ಎಂದು ಯಾಕೆ ಕರೆಯುತ್ತಾರೆ?

ಲೆಕ್ಕ ನೋಡಿ. ಎಫ್‌ಎ ಕಪ್ ಫೈನಲ್: 2007, 2009, 2010, 2012. ನಾಲ್ಕರಲ್ಲೂ ಗೋಲು, ನಾಲ್ಕೂ ಗೆಲುವು. ನಾಲ್ಕು ಎಫ್‌ಎ ಕಪ್ ಫೈನಲ್‌ಗಳಲ್ಲಿ ಗೋಲು ಹೊಡೆದ ಮೊದಲ ಆಟಗಾರ ಅವರೇ. 2007ರದ್ದು ಹೊಸದಾಗಿ ಕಟ್ಟಿದ ವೆಂಬ್ಲಿಯಲ್ಲಿ ನಡೆದ ಮೊದಲ ಫೈನಲ್. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಹೆಚ್ಚುವರಿ ಅವಧಿಯ 116ನೇ ನಿಮಿಷದವರೆಗೂ ಗೋಲಿಲ್ಲ, ಆಮೇಲೆ ಡ್ರೋಗ್ಬಾ. ಇಂಗ್ಲೆಂಡಿನ ಇನ್ನೊಂದು ನಾಕೌಟ್ ಕೂಟವಾದ ಲೀಗ್ ಕಪ್‌ನ ಫೈನಲ್‌ಗಳಲ್ಲಿ 2005ರಲ್ಲಿ ಒಂದು, 2007ರಲ್ಲಿ ಎರಡು, 2008ರಲ್ಲಿ ಒಂದು. ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಕೂಟ ಚಾಂಪಿಯನ್ಸ್ ಲೀಗ್‌ನ 2012ರ ಫೈನಲ್‌ನಲ್ಲಿ ಇನ್ನೊಂದು. ಇವುಗಳಲ್ಲಿ ಸೋತದ್ದು 2008ರ ಲೀಗ್ ಕಪ್ ಮಾತ್ರ.

ಮಾಸ್ಕೋದಲ್ಲಿ ಕೆಂಪು ಕಾರ್ಡ್ ಸಿಕ್ಕಿದ್ದು ಯಾಕೆ?

ಮ್ಯಾಂಚೆಸ್ಟರ್ ಯುನೈಟೆಡ್ ಎದುರು 2008ರ ಚಾಂಪಿಯನ್ಸ್ ಲೀಗ್ ಫೈನಲ್. ಮಳೆ ಸುರಿಯುತ್ತಿತ್ತು. ಹೆಚ್ಚುವರಿ ಅವಧಿ ಮುಗಿಯಲು ಕೆಲವೇ ನಿಮಿಷ ಬಾಕಿ ಇದ್ದಾಗ ನಡೆದ ಜಟಾಪಟಿಯಲ್ಲಿ ಯುನೈಟೆಡ್‌ನ ವಿದಿಚ್ ಕೆನ್ನೆಗೆ ಕೈ ತಾಗಿಸಿದರು. ಮೆಲ್ಲಗೋ ಜೋರಾಗೋ, ನಿಯಮದ ಮುಂದೆ ಎರಡೂ ಒಂದೇ. ಪಂದ್ಯ ಸಮವಾಗಿ ಮುಗಿದು, ಎರಡೂ ತಂಡದವರು ಸರದಿಯಲ್ಲಿ ಪೆನಾಲ್ಟಿ ಹೊಡೆಯುವ ಟೈಬ್ರೇಕರ್ ಶುರುವಾದಾಗ ಡ್ರೋಗ್ಬಾ ಮೈದಾನದಲ್ಲಿರಲಿಲ್ಲ. ಐದನೆಯ ಹೊಡೆತಕ್ಕೆ ನಾಯಕ ಜಾನ್ ಟೆರ್ರಿ ಬಂದರು, ಒದ್ದೆ ಹುಲ್ಲಿನ ಮೇಲೆ ಕಾಲು ಜಾರಿತು, ಚೆಂಡು ಕಂಬಕ್ಕೆ ಬಡಿಯಿತು. ಕೊನೆಗೆ ಚೆಲ್ಸಿ ಸೋತಿತು.

ಮರುವರ್ಷದ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ಎದುರು ಚೆಲ್ಸಿಯ ಹಲವು ಪೆನಾಲ್ಟಿ ಮನವಿಗಳನ್ನು ರೆಫರಿ ತಳ್ಳಿಹಾಕಿದರು. ಇಂಜುರಿ ಟೈಮಿನಲ್ಲಿ ಇನಿಯೆಸ್ಟಾ ಗೋಲು ಹೊಡೆದು ಪಂದ್ಯ ಕಸಿದರು. ಆಗಲೇ ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರಗಿದ್ದ ಡ್ರೋಗ್ಬಾ, ಚಪ್ಪಲಿ ಕಾಲಲ್ಲೇ ಮೈದಾನಕ್ಕೆ ನುಗ್ಗಿ ರೆಫರಿಯ ಮೇಲೆ ಹರಿಹಾಯ್ದರು, ಟಿವಿ ಕ್ಯಾಮೆರಾದ ಮುಂದೆ ಕೆಟ್ಟ ಮಾತಾಡಿದರು. ನಿಷೇಧ ಅನುಭವಿಸಿದರು. ನಾನು ಅವರ ಅಭಿಮಾನಿ, ಆದರೆ ಈ ಎರಡು ರಾತ್ರಿಗಳ ತಪ್ಪು ಅವರದೇ.

2012ರ ಮ್ಯೂನಿಕ್ ಫೈನಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಂದು ಏನಾಯಿತು?

2012ರ ಮೇ 19. ಚಾಂಪಿಯನ್ಸ್ ಲೀಗ್ ಫೈನಲ್ ನಡೆದದ್ದು ಎದುರಾಳಿ ಬಯರ್ನ್ ಮ್ಯೂನಿಕ್‌ನ ಸ್ವಂತ ಮೈದಾನದಲ್ಲಿ. ಚೆಲ್ಸಿಯಲ್ಲಿ ಟೆರ್ರಿ ಸೇರಿ ನಾಲ್ವರು ಅಮಾನತಾಗಿ ಹೊರಗಿದ್ದರು. ಕೋಚ್ ರಾಬರ್ಟೊ ಡಿ ಮತ್ತೆಯೊ ಎರಡೇ ತಿಂಗಳ ಹಿಂದೆ ತಾತ್ಕಾಲಿಕವಾಗಿ ಜವಾಬ್ದಾರಿ ಹೊತ್ತವರು. ಬಯರ್ನ್ ಸತತವಾಗಿ ಮೇಲೆ ಬೀಳುತ್ತಿತ್ತು. 83ನೇ ನಿಮಿಷದಲ್ಲಿ ಥಾಮಸ್ ಮುಲ್ಲರ್ ಗೋಲು. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿ ಹೆಚ್ಚುಕಡಿಮೆ ಎರಡು ಗಂಟೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಟಿವಿಯ ದನಿ ಪೂರ್ತಿ ಇಳಿಸಿ ನೋಡುತ್ತಿದ್ದೆ. ಆರಿಸಿ ಮಲಗೋಣ ಎಂದು ರಿಮೋಟ್ ಕೈಗೆತ್ತಿಕೊಂಡದ್ದು ನೆನಪಿದೆ.

88ನೇ ನಿಮಿಷ. ಆ ಪಂದ್ಯದಲ್ಲಿ ಬಯರ್ನ್‌ಗೆ ಒಟ್ಟು 20 ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ, ಸಿಕ್ಕವು, ಚೆಲ್ಸಿಗೆ ಸಿಕ್ಕಿದ್ದು ಇದೊಂದೇ. ಹುವಾನ್ ಮಾಟಾ ಚೆಂಡು ಎತ್ತಿದರು. ಡ್ರೋಗ್ಬಾ ಹತ್ತಿರದ ಕಂಬದ ಕಡೆ ಓಡಿ, ಕತ್ತು ಬೀಸಿ ತಲೆಯಿಂದ ಹೊಡೆದ ರಭಸಕ್ಕೆ ಗೋಲ್‌ಕೀಪರ್ ಮ್ಯಾನುಯೆಲ್ ನೋಯರ್ ಕೈ ತಗುಲಿದರೂ ಚೆಂಡು ನಿಲ್ಲಲಿಲ್ಲ. 1–1.

ಕತೆ ಅಲ್ಲಿಗೆ ಮುಗಿಯಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಸಹಾಯಕ್ಕೆಂದು ಹಿಂದೆ ಬಂದ ಡ್ರೋಗ್ಬಾ ಅವರೇ ಬಯರ್ನ್‌ನ ರಿಬೆರಿಯನ್ನು ಬೀಳಿಸಿ ಪೆನಾಲ್ಟಿ ಬಿಟ್ಟುಕೊಟ್ಟರು! ಬಯರ್ನ್‌ನ ರಾಬೆನ್ ಹೊಡೆತವನ್ನು ಚೆಲ್ಸಿ ಗೋಲ್‌ಕೀಪರ್ ಪೀಟರ್ ಚೆಕ್ ಹಿಡಿದರು. ಆಮೇಲೆ ಟೈಬ್ರೇಕರ್. ಬಯರ್ನ್‌ನ ಶ್ವೈನ್‌ಸ್ಟೈಗರ್ ಹೊಡೆತ ಕಂಬಕ್ಕೆ ಬಡಿದ ಮೇಲೆ ಉಳಿದದ್ದು ಒಂದೇ ಒದೆತ, ಹೊಡೆಯಬೇಕಾದವರು ಡ್ರೋಗ್ಬಾ. ಹೊಡೆದರೆ ಕಪ್. ಅವರು ದೂರದಿಂದ ಓಡಿಬರಲಿಲ್ಲ, ಎರಡೇ ಹೆಜ್ಜೆ ಹಿಂದೆ ನಿಂತರು. ನೋಯರ್ ಒಂದು ಕಡೆ ಹಾರಿದರು, ಚೆಂಡು ಇನ್ನೊಂದು ಕಡೆ ಹೋಯಿತು. ಚೆಲ್ಸಿಯ ಮೊದಲ ಚಾಂಪಿಯನ್ಸ್ ಲೀಗ್.

ಒಂದು ಭಾಷಣದಿಂದ ದೇಶದ ಯುದ್ಧವನ್ನೇ ನಿಲ್ಲಿಸಿದರಂತೆ. ನಿಜವೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಪೂರ್ತಿ ನಿಜವೂ ಅಲ್ಲ, ಸುಳ್ಳಂತೂ ಅಲ್ಲವೇ ಅಲ್ಲ.

2002ರ ಸೆಪ್ಟೆಂಬರಿನಲ್ಲಿ ಐವರಿ ಕೋಸ್ಟಿನಲ್ಲಿ ಅಂತರ್ಯುದ್ಧ ಶುರುವಾಗಿ ದೇಶ ಎರಡು ಹೋಳಾಯಿತು. ದಕ್ಷಿಣ ಸರ್ಕಾರದ ಕೈಯಲ್ಲಿ, ಉತ್ತರ ಬಂಡುಕೋರರ ಕೈಯಲ್ಲಿ. ಬಂಡುಕೋರರ ಮುಖ್ಯ ನೆಲೆ ಬುವಾಕೆ ನಗರ. ಆದರೆ ಫುಟ್‌ಬಾಲ್ ತಂಡದಲ್ಲಿ ಎರಡೂ ಕಡೆಯವರು ಜೊತೆಗೆ ಆಡುತ್ತಿದ್ದರು. ಕೊಲೊ ಟೂರೆ, ಯಾಯಾ ಟೂರೆ ಸೋದರರು ಹುಟ್ಟಿದ್ದು ಬುವಾಕೆಯಲ್ಲೇ.

2005ರ ಅಕ್ಟೋಬರ್ 8ರಂದು ತಂಡ ಸುಡಾನ್ ನೆಲದಲ್ಲಿ 3–1ರಿಂದ ಗೆದ್ದಿತು. ಅತ್ತ ಅದೇ ಗುಂಪಿನ ಕ್ಯಾಮರೂನ್ ಕೊನೆ ಗಳಿಗೆಯಲ್ಲಿ ಸಿಕ್ಕ ಪೆನಾಲ್ಟಿಯನ್ನು ಗೋಲಾಗಿಸದೆ ಈಜಿಪ್ಟ್ ಜೊತೆ ಡ್ರಾ ಮಾಡಿಕೊಂಡದ್ದರಿಂದ ಐವರಿ ಕೋಸ್ಟಿಗೆ ಮೊದಲ ಬಾರಿ ವಿಶ್ವಕಪ್ ಪ್ರವೇಶ ಸಿಕ್ಕಿತು. ಡ್ರೆಸ್ಸಿಂಗ್ ಕೋಣೆಗೆ ಟಿವಿ ಕ್ಯಾಮೆರಾ ಬಂದಾಗ ಡ್ರೋಗ್ಬಾ ಮೈಕ್ ಹಿಡಿದರು. ಸುತ್ತ ಬೆವರಲ್ಲಿ ತೊಯ್ದ ಸಹ ಆಟಗಾರರು, ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಉತ್ತರ, ದಕ್ಷಿಣ, ಮಧ್ಯ, ಪಶ್ಚಿಮದ ಜನರನ್ನೆಲ್ಲ ಉದ್ದೇಶಿಸಿ, ನಾವು ಒಟ್ಟಿಗೆ ಬಾಳಬಹುದೆಂದು ಇವತ್ತು ತೋರಿಸಿದ್ದೇವೆ, ದಯವಿಟ್ಟು ಆಯುಧ ಕೆಳಗಿಡಿ, ಚುನಾವಣೆ ನಡೆಸಿ ಎಂದು ಕೇಳಿಕೊಂಡರು. ಮಾತಿನ ನಡುವೆ ಇಡೀ ತಂಡ ಮೊಣಕಾಲೂರಿತು.

ಮರುದಿನವೇ ಬಂದೂಕುಗಳು ಮೌನವಾದವು ಎಂಬ ಕತೆ ಕೇಳಲು ಚಂದ. ನಡೆದದ್ದು ಹಾಗಲ್ಲ. ಎರಡೂ ಬಣಗಳ ನಡುವೆ ಶಾಂತಿ ಒಪ್ಪಂದವಾದದ್ದು 2007ರ ಮಾರ್ಚ್‌ನಲ್ಲಿ, ನೆರೆಯ ಬುರ್ಕಿನಾ ಫಾಸೊ ದೇಶದ ವಾಗಡೂಗು ನಗರದಲ್ಲಿ. ಅದರ ಹಿಂದೆ ಎಷ್ಟೋ ಜನರ ದುಡಿಮೆಯಿದೆ. ಆದರೆ ಡ್ರೋಗ್ಬಾ ಭಾಷಣ ಮಾಡಿ ಸುಮ್ಮನೆ ಕೂರಲಿಲ್ಲ. ಆಫ್ರಿಕಾದ ವರ್ಷದ ಆಟಗಾರ ಪ್ರಶಸ್ತಿಯನ್ನು ಹಿಡಿದು ಬುವಾಕೆಗೇ ಹೋದರು. ಮಡಗಾಸ್ಕರ್ ವಿರುದ್ಧದ ಪಂದ್ಯವನ್ನು ಅಲ್ಲೇ ಆಡೋಣ ಎಂದರು. 2007ರ ಜೂನ್ 3ರಂದು ಬಂಡುಕೋರರ ಊರಿನಲ್ಲಿ ದೇಶದ ತಂಡ ಆಡಿತು, 5–0 ಗೆದ್ದಿತು, ಕೊನೆಯ ಗೋಲು ಡ್ರೋಗ್ಬಾ ಅವರದು. ಮೊನ್ನೆಮೊನ್ನೆವರೆಗೆ ಕಾದಾಡಿದ ಎರಡು ಕಡೆಯವರು ಒಂದೇ ರಾಷ್ಟ್ರಗೀತೆಗೆ ಎದ್ದು ನಿಂತರು. ನನಗೆ ಭಾಷಣಕ್ಕಿಂತ ಈ ಪಂದ್ಯವೇ ದೊಡ್ಡದಾಗಿ ಕಾಣುತ್ತದೆ.

2010ರ ಚುನಾವಣೆಯ ನಂತರ ಹಿಂಸೆ ಮತ್ತೆ ಭುಗಿಲೆದ್ದು ಸುಮಾರು 3,000 ಜನ ಸತ್ತರು ಎಂಬುದನ್ನೂ ಮರೆಯಬಾರದು. 2011ರಲ್ಲಿ ರಚನೆಯಾದ ಸತ್ಯ ಮತ್ತು ಸಂಧಾನ ಆಯೋಗದಲ್ಲಿ ಡ್ರೋಗ್ಬಾ ಸದಸ್ಯರಾಗಿದ್ದರು.

ಆಫ್ರಿಕಾ ಕಪ್ ಯಾಕೆ ಗೆಲ್ಲಲಿಲ್ಲ?

ಆಫ್ರಿಕಾದ ದೇಶಗಳ ನಡುವಿನ ಈ ಕಪ್ ಸಿಗದಿದ್ದದ್ದು ಅವರ ಅಭಿಮಾನಿಗಳಿಗೆ ಆರದ ಗಾಯ. 2006ರ ಕ್ವಾರ್ಟರ್ ಫೈನಲ್‌ನಲ್ಲಿ ಕ್ಯಾಮರೂನ್ ಎದುರು ಟೈಬ್ರೇಕರ್ 12–11ಕ್ಕೆ ಹೋಯಿತು, ಗೆಲುವಿನ ಹೊಡೆತ ಡ್ರೋಗ್ಬಾದು. ಅದೇ ಕೂಟದ ಫೈನಲ್‌ನಲ್ಲಿ ಈಜಿಪ್ಟ್ ಎದುರು ಮತ್ತೆ ಟೈಬ್ರೇಕರ್. ಈ ಸಲ ಅವರ ಹೊಡೆತ ತಪ್ಪಿತು, ಕಪ್ ಹೋಯಿತು.

2012ರ ಫೆಬ್ರುವರಿಯಲ್ಲಿ ಗ್ಯಾಬೊನ್ ದೇಶದ ಲಿಬ್ರವಿಲ್‌ನಲ್ಲಿ ಜಾಂಬಿಯಾ ಎದುರು ಫೈನಲ್. ಐವರಿ ಕೋಸ್ಟ್ ಆ ಇಡೀ ಕೂಟದಲ್ಲಿ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಪಂದ್ಯದ 70ನೇ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು, ಡ್ರೋಗ್ಬಾ ಹೊಡೆದ ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿಹೋಯಿತು. ಟೈಬ್ರೇಕರ್‌ನಲ್ಲಿ 8–7ರಿಂದ ಜಾಂಬಿಯಾ ಗೆದ್ದಿತು. 1993ರಲ್ಲಿ ಇದೇ ಲಿಬ್ರವಿಲ್ ಬಳಿಯ ಸಮುದ್ರಕ್ಕೆ ಬಿದ್ದ ವಿಮಾನದಲ್ಲಿ ತನ್ನ ಆಟಗಾರರನ್ನು ಕಳೆದುಕೊಂಡಿದ್ದ ದೇಶ ಜಾಂಬಿಯಾ. ಅವರ ಗೆಲುವನ್ನು ಯಾರೂ ಹೊಟ್ಟೆಕಿಚ್ಚಿನಿಂದ ನೋಡಲಾಗಲಿಲ್ಲ.

ಈಗ ತಾರೀಖು ಜೋಡಿಸಿ ನೋಡಿ. ದೇಶದ ಕಪ್ಪನ್ನು ಪೆನಾಲ್ಟಿಯಲ್ಲಿ ಕಳೆದುಕೊಂಡು ಮೂರು ತಿಂಗಳ ಮೇಲೆ ಹೆಚ್ಚು ದಿನವಾಗಿರಲಿಲ್ಲ, ಮ್ಯೂನಿಕ್‌ನಲ್ಲಿ ಕೊನೆಯ ಪೆನಾಲ್ಟಿಗೆ ನಡೆದುಬಂದದ್ದು ಅದೇ ಮನುಷ್ಯ. ಆ ನಡಿಗೆ ಎಷ್ಟು ಉದ್ದವಿತ್ತೆಂದು ಇದನ್ನು ತಿಳಿಯದವರಿಗೆ ಗೊತ್ತಾಗುವುದಿಲ್ಲ. 2015ರಲ್ಲಿ ಐವರಿ ಕೋಸ್ಟ್ ಕಪ್ ಗೆದ್ದಿತು. ಡ್ರೋಗ್ಬಾ ಆರು ತಿಂಗಳ ಹಿಂದಷ್ಟೇ ದೇಶದ ತಂಡಕ್ಕೆ ವಿದಾಯ ಹೇಳಿದ್ದರು.

ವಿಶ್ವಕಪ್‌ನಲ್ಲಿ?

2006, 2010, 2014, ಮೂರರಲ್ಲೂ ಆಡಿದರು, ಮೂರರಲ್ಲೂ ತಂಡ ಗುಂಪು ಹಂತ ದಾಟಲಿಲ್ಲ. ವಿಶ್ವಕಪ್‌ನಲ್ಲಿ ಐವರಿ ಕೋಸ್ಟಿನ ಮೊದಲ ಗೋಲು ಅವರದು, 2006ರಲ್ಲಿ ಅರ್ಜೆಂಟೀನಾ ವಿರುದ್ಧ. 2010ಕ್ಕೆ ಕೆಲವೇ ದಿನ ಮುಂಚೆ ಜಪಾನ್ ಎದುರಿನ ಅಭ್ಯಾಸ ಪಂದ್ಯದಲ್ಲಿ ಕೈ ಮುರಿದುಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕೈಗೆ ರಕ್ಷಾಕವಚ ಕಟ್ಟಿಕೊಂಡೇ ಆಡಿದರು. ಬ್ರೆಜಿಲ್ ವಿರುದ್ಧ ಗೋಲೂ ಹೊಡೆದರು.

ಮೈದಾನದಲ್ಲಿ ಬೀಳುವ ನಾಟಕ ಮಾಡುತ್ತಿದ್ದರು ಎಂಬ ಆರೋಪ?

ಚೆಲ್ಸಿಯ ಮೊದಲ ವರ್ಷಗಳಲ್ಲಿ ಮಾಡುತ್ತಿದ್ದರು. ಆರೋಪದಲ್ಲಿ ಹುರುಳಿತ್ತು. ನಂತರದ ವರ್ಷಗಳಲ್ಲಿ ಬಹಳ ಕಡಿಮೆಯಾಯಿತು.

ಮಲೇರಿಯಾ ಬಂದಿತ್ತು ಅನ್ನುತ್ತಾರಲ್ಲ?

2010ರ ನವೆಂಬರಿನಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಯಿತು. ಅದಕ್ಕೂ ಮುಂಚೆ ವಾರಗಟ್ಟಲೆ ಜ್ವರದಲ್ಲೇ ಆಡಿದ್ದರು. ಆ ಋತುವಿನಲ್ಲಿ ಅವರು ಮಂಕಾಗಿದ್ದಾರೆ ಎಂದು ಬೈದವರಲ್ಲಿ ನಾನೂ ಒಬ್ಬ. ಸುದ್ದಿ ತಿಳಿದಾಗ ಬೇಜಾರಾಯಿತು. ಮಲೇರಿಯಾ ಬಂದು ಎದ್ದವರನ್ನು ಮನೆಯಲ್ಲಿ ನೋಡಿದವರಿಗೆ ಗೊತ್ತು, ತಿಂಗಳಾದರೂ ಕಾಲಿಗೆ ಬಲ ಬರುವುದಿಲ್ಲ.

ಚೆಲ್ಸಿ ಬಿಟ್ಟ ಮೇಲೆ ಎಲ್ಲಿ ಆಡಿದರು? ಐಎಸ್‌ಎಲ್‌ಗೆ ಬಂದಿದ್ದರೇ?

ಇಲ್ಲ, ಭಾರತದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಆಡಲಿಲ್ಲ. ಗೆಳೆಯ ಮಲುಡಾ ದೆಹಲಿ ಡೈನಮೋಸ್‌ಗೆ, ಚೆಲ್ಸಿಯ ಜೊತೆಗಾರ ಅನೆಲ್ಕಾ ಮುಂಬೈ ಸಿಟಿಗೆ ಆಡಿದ್ದರಿಂದ ಈ ಗೊಂದಲ ಇರಬಹುದು. ಡ್ರೋಗ್ಬಾ ಮೊದಲು ಚೀನಾದ ಶಾಂಘೈ ಶೆನ್‌ಹುವಾಗೆ ಹೋದರು, 2013ರ ಜನವರಿಯಲ್ಲಿ ಟರ್ಕಿಯ ಗಲಾಟಸರಾಯ್ ಸೇರಿ ಲೀಗ್ ಗೆದ್ದರು. 2014–15ಕ್ಕೆ ಮತ್ತೆ ಚೆಲ್ಸಿ, ಇನ್ನೊಂದು ಪ್ರೀಮಿಯರ್ ಲೀಗ್. ಸಂಡರ್‌ಲೆಂಡ್ ಎದುರಿನ ಕೊನೆಯ ಪಂದ್ಯದಲ್ಲಿ ಅರ್ಧ ಗಂಟೆಯಾಗುವಾಗ ಸಹ ಆಟಗಾರರು ಅವರನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೊರಗೆ ಕರೆತಂದರು. ಆಮೇಲೆ ಕೆನಡಾದ ಮಾಂಟ್ರಿಯಲ್ ಇಂಪ್ಯಾಕ್ಟ್, ಕೊನೆಗೆ ಅಮೆರಿಕದ ಫೀನಿಕ್ಸ್ ರೈಸಿಂಗ್, ಅಲ್ಲಿ ಆಟಗಾರರೂ ಹೌದು, ಪಾಲುದಾರರೂ ಹೌದು. ಕೊನೆಯ ಪಂದ್ಯ 2018ರ ನವೆಂಬರಿನ ಲೀಗ್ ಫೈನಲ್. ಲೂಯಿವಿಲ್ ಸಿಟಿ ಎದುರು 1–0 ಸೋಲು.

ಈಗ ಏನು ಮಾಡುತ್ತಿದ್ದಾರೆ?

ಅವರ ಹೆಸರಿನ ಪ್ರತಿಷ್ಠಾನ ಐವರಿ ಕೋಸ್ಟಿನಲ್ಲಿ ಆರೋಗ್ಯ, ಶಿಕ್ಷಣಕ್ಕಾಗಿ ಕೆಲಸ ಮಾಡುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ರೀಡೆ ಮತ್ತು ಆರೋಗ್ಯದ ಸದ್ಭಾವನಾ ರಾಯಭಾರಿಯಾಗಿ ನೇಮಿಸಿತು. 2022ರಲ್ಲಿ ತಮ್ಮ ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ನಿಂತು ಮೊದಲ ಸುತ್ತಿನಲ್ಲೇ ಸೋತರು. ಮತ ಹಾಕುವವರು ಕ್ಲಬ್ಬುಗಳ ಪ್ರತಿನಿಧಿಗಳು, ಸ್ಟೇಡಿಯಂ ತುಂಬುವ ಜನರಲ್ಲ.

ಅವರ ಆಟ ನೋಡಿಯೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಗೋಲುಗಳ ಸಂಕಲನದಿಂದ ಬೇಡ. ಮ್ಯೂನಿಕ್ ಪಂದ್ಯವನ್ನು 80ನೇ ನಿಮಿಷದಿಂದ ಹಾಕಿಕೊಳ್ಳಿ. ಮುಲ್ಲರ್ ಗೋಲು ಹೊಡೆದ ಮೇಲೆ ಚೆಲ್ಸಿಯವರು ಮಧ್ಯದ ವೃತ್ತಕ್ಕೆ ವಾಪಸಾಗುತ್ತಾರೆ. ಎಲ್ಲರ ತಲೆ ತಗ್ಗಿರುತ್ತದೆ. ಚೆಂಡನ್ನು ನೋಡಬೇಡಿ, 11ನೇ ನಂಬರಿನ ಅಂಗಿಯನ್ನೇ ನೋಡುತ್ತಾ ಹೋಗಿ, ಆ ಕಾರ್ನರ್ ಬರುವ ತನಕ.